ಸಾಣೆ ಮಿಷಿನ್ನಿನ ಉಲ್ಟಾ ನಟ್ಟು

ನಮ್ಮ ಹಿಸ್ಸೆಯ ದಿನ ಪಂಚಾಯ್ತಿಗೆ ಕೂತ ಹಿರಿಯರು ತೋಟ, ಗದ್ದೆ, ಕಣ, ತಾಮ್ರದ ಹಂಡೆ ಎಲ್ಲವನ್ನೂ ಎರಡು ಪಾಲು ಮಾಡಿ ಮುಗಿಸಿದಾಗ ಕೊನೆಗೆ ಉಳಿದದ್ದು ಶೆಡ್ಡಿನಲ್ಲಿ ಮರದ ದಿಮ್ಮಿಗೆ ಬಿಗಿದಿದ್ದ ಸಾಣೆ ಮಿಷಿನ್ನು. ಯಾವುದೋ ದೊಡ್ಡ ಎಸ್ಟೇಟಿನವರು ಸಾಮಾನು ಖಾಲಿ ಮಾಡುವಾಗ ನಮ್ಮಜ್ಜ ತಂದದ್ದು, ಪರದೇಶದ್ದು. ನಡುವೆ ಮೋಟರು, ಎಡಕ್ಕೊಂದು ಬಲಕ್ಕೊಂದು ಸಾಣೆ ಕಲ್ಲು. ದೇವರೇ ಪಾಲು ಮಾಡಿ ಕಳಿಸಿದ ವಸ್ತು ಎಂದು ಹಿರಿಯರಿಗೆ ಖುಷಿಯಾಯಿತು. ಬಲಗಡೆ ಕಲ್ಲು ನನ್ನ ದೊಡ್ಡಪ್ಪನ ಮಗನಿಗೆ, ಎಡಗಡೆಯದು ನನಗೆ ಎಂದು ತೀರ್ಮಾನಿಸಿ ಊಟಕ್ಕೆ ಎದ್ದರು.

ಆ ಹಿರಿಯರು ಯಾರೂ ಕತ್ತಿ ಮಸೆದವರಲ್ಲ. ನನ್ನ ಕಲ್ಲು ತರಿ, ಅಣ್ಣನದು ನುಣುಪು. ತೋಟದ ಮರದ ಕೊಂಬೆ ಸವರುವ ಮರಗಸಿಯ ಕತ್ತಿ ಹರಿತವಾಗಬೇಕಾದರೆ ಮೊದಲು ನನ್ನ ಪಾಲಿಗೆ ಕೊಟ್ಟು ಆಮೇಲೆ ಅವನ ಪಾಲಿಗೆ ಕೊಡಬೇಕು. ಹಿಸ್ಸೆಯಾದ ವರ್ಷವೇ ಕೆರೆ ನೀರಿನ ವಿಷಯಕ್ಕೆ ನಮ್ಮಿಬ್ಬರ ಮಾತು ನಿಂತುಹೋಗಿತ್ತು. ಆದ್ದರಿಂದ ಅವನ ಜೀಪು ಹೊರಗೆ ಹೋದಾಗ ನಾನು, ನಾನು ಮೂಡಿಗೆರೆಗೆ ಹೋದಾಗ ಅವನು, ಎರಡೂ ಕಲ್ಲು ಬಳಸಿಕೊಳ್ಳುತ್ತಿದ್ದೆವು. ಇಬ್ಬರಿಗೂ ಇದು ಗೊತ್ತಿತ್ತು. ನನ್ನ ಹೆಂಡತಿ, ಅತ್ತಿಗೆ ಮಾತ್ರ ಅಂಗಳದ ಬೇಲಿ ದಾಟಿಕೊಂಡು ಮೊದಲಿನ ಹಾಗೇ ಇದ್ದರು. ನಮ್ಮ ಜಗಳ ಅವರಿಗೆ ಗಂಡಸರಿಗೆ ಬರುವ ಒಂದು ಸಣ್ಣ ಕಾಯಿಲೆ ಇದ್ದ ಹಾಗೆ.

ಮಳೆ ಹಿಡಿಯುವ ಮೊದಲು ತೋಟದ ನೆರಳಿನ ಮರಗಳ ಕೊಂಬೆ ಸವರಿಸಬೇಕಿತ್ತು. ನನ್ನ ಕಲ್ಲು ಸವೆದು ಬಿಲ್ಲೆಯಾಗಿತ್ತು. ಹೊಸ ಕಲ್ಲು ತಂದು, ಹಳೆಯದನ್ನು ಬಿಚ್ಚಲು ಸ್ಪ್ಯಾನರ್ ಹಾಕಿ ತಿರುಗಿಸಿದೆ. ನಟ್ಟು ಅಲ್ಲಾಡಲಿಲ್ಲ. ಸೀಮೆಎಣ್ಣೆ ಬಿಟ್ಟೆ, ಸುತ್ತಿಗೆಯಲ್ಲಿ ತಟ್ಟಿದೆ, ಬೈದೆ. ಅಣ್ಣ ತನ್ನ ಕಣದಲ್ಲಿ ನಿಂತು ನೋಡುತ್ತಲೇ ಇದ್ದ. ಎಷ್ಟು ಹೊತ್ತು ಅಂತ ತಡೆದುಕೊಂಡಾನು.

"ಹಂಗಲ್ಲ ಮಾರಾಯ. ಪೈಪ್ ಹಾಕು, ಪೈಪು!"

ವರ್ಷಗಳ ನಂತರ ಅವನು ನನಗೆ ಆಡಿದ ಮೊದಲ ಮಾತು ಅದು. ಪೈಪನ್ನೂ ಅವನೇ ತಂದ. ಸ್ಪ್ಯಾನರಿನ ಹಿಡಿಗೆ ಅದನ್ನು ತೂರಿಸಿ, ಇಬ್ಬರೂ ಕಾಲು ಊರಿ, ಚಿಕ್ಕಂದಿನಲ್ಲಿ ಹಗ್ಗ ಎಳೆದಂತೆ ಎಳೆದೆವು. ಕೋವಿ ಹೊಡೆದಂಥ ಸದ್ದಾಯಿತು. ಮಲಗಿದ್ದ ನಾಯಿ ಎದ್ದು ಓಡಿತು. ನಟ್ಟು ಹೋಳಾಗಿ ಕೆಳಗೆ ಬಿದ್ದಿತ್ತು.

"ಬಿಚ್ಚಿತಲ್ಲ" ಎಂದ ಅಣ್ಣ.

ಮರುದಿನ ಒಡೆದ ಹೋಳನ್ನು ಕಿಸೆಗೆ ಹಾಕಿಕೊಂಡು ಹೊರಟಾಗ ಅವನು ಜೀಪು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ. "ನೀನೊಬ್ಬನೇ ಹೋದ್ರೆ ಅವ್ರು ಕೊಟ್ಟಿದ್ದು ತಗೊಂಡು ಬರ್ತೀಯ" ಎಂದ. ಮೂಡಿಗೆರೆಯ ಹಾರ್ಡ್‌ವೇರ್ ಅಂಗಡಿಯವರು ಹೋಳನ್ನು ಕಣ್ಣ ಹತ್ತಿರ ಹಿಡಿದು, ಡಬ್ಬಿಗಳಲ್ಲಿ ಕೈಯಾಡಿಸಿ, ಕಾಗದದಲ್ಲಿ ಒಂದು ಹಿಡಿ ನಟ್ಟು ಕಟ್ಟಿಕೊಟ್ಟರು. "ಇದ್ರಲ್ಲಿ ಯಾವ್ದಾದ್ರೂ ಕೂತೇ ಕೂರ್ತದೆ ಸಾರ್." ಯಾವುದೂ ಕೂರಲಿಲ್ಲ. ಕೆಲವು ದೊಡ್ಡವು, ಕೆಲವು ಚಿಕ್ಕವು. ಅಳತೆ ಸರಿ ಕಂಡವು ಕೂಡ ತುದಿಯಲ್ಲೇ ಜಾರಿ ಜಾರಿ ತಿರುಗಿದವು. ಕೊನೆಗೆ ಮಿಷಿನ್ನನ್ನೇ ದಿಮ್ಮಿಯಿಂದ ಕಳಚಿ ಜೀಪಿಗೆ ಹಾಕಿಕೊಂಡು ಚಿಕ್ಕಮಗಳೂರಿಗೆ ಹೋದೆವು. ಅಲ್ಲಿ ಗ್ಯಾರೇಜಿನವರೊಬ್ಬರು ಶಾಫ್ಟಿನ ಮೇಲೆ ಉಗುರಾಡಿಸಿ ನಕ್ಕರು.

"ಇದು ಇಂಚಿನ ಲೆಕ್ಕದ್ದು, ಈಗ ಸಿಗಲ್ಲ. ಅಲ್ದೆ ಎಡಗಡೆ ನಟ್ಟು ಉಲ್ಟಾ ಥ್ರೆಡ್ಡು. ಕಲ್ಲು ತಿರುಗೋವಾಗ ಲೂಸಾಗಬಾರ್ದು ಅಂತ ಹಂಗೆ ಮಾಡಿರ್ತಾರೆ. ಬಿಚ್ಚಬೇಕಾದ್ರೂ ಉಲ್ಟಾನೇ ತಿರುಗಿಸ್ಬೇಕು."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಂದರೆ ಅವತ್ತು ನಾವಿಬ್ಬರೂ ಸೇರಿ, ಪೈಪು ಹಾಕಿ, ಮೈಯ ಕಸುವನ್ನೆಲ್ಲ ಸುರಿದು ನಟ್ಟನ್ನು ಬಿಗಿ ಮಾಡಿದ್ದೆವು. ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಜೀಪಿನ ಬಾನೆಟ್ಟಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ನನಗೂ ನಗು ಬಂತು. ಗ್ಯಾರೇಜಿನವರು ಏನೂ ಅರ್ಥವಾಗದೆ ಇನ್ನೊಂದು ಗಾಡಿಯ ಕೆಳಗೆ ತೂರಿಕೊಂಡರು.

ಇಂಥದ್ದೇ ಹಳೆಯ ಮಿಷಿನ್ನು ಕಳಸದ ಒಂದು ವೆಲ್ಡಿಂಗ್ ಶಾಪಿನಲ್ಲಿ ಕೆಟ್ಟು ಬಿದ್ದಿದೆ ಎಂದು ಯಾರೋ ಹೇಳಿದರು. ಹೋದೆವು. ಇತ್ತು, ಅದೇ ಅಚ್ಚಿನದು. ನಮಗೆ ಬಾಯಲ್ಲಿ ನೀರೂರಿತು. ಆದರೆ ಅದರ ಎಡಗಡೆ ಶಾಫ್ಟು ಬೋಳಾಗಿತ್ತು.

"ಬಲಗಡೆದು ಬೇಕಾದ್ರೆ ತಗೊಂಡೋಗಿ" ಎಂದರು ವೆಲ್ಡರು. "ಎಡಗಡೆ ನಟ್ಟು ಹೋಯ್ತು ಅಂತಾನೇ ಇದನ್ನ ಮೂಲೆಗೆ ಹಾಕಿರೋದು. ನಿಮ್ಗೆಲ್ಲಾದ್ರೂ ಸಿಕ್ರೆ ನಂಗೂ ಒಂದು ತನ್ನಿ."

"ನಿಮ್ದು ಹೆಂಗೆ ಹೋಯ್ತು?" ಎಂದು ಅಣ್ಣ ಕೇಳಿದ.

"ಹೆಂಗೋ ಹೋಯ್ತು" ಎಂದು ಅವರು ಮುಖ ಆ ಕಡೆ ತಿರುಗಿಸಿದರು. ಅಲ್ಲೂ ಪೈಪು ಹಾಕಿದ್ದರೆಂದು ನಮಗೆ ಸಂಶಯ ಉಳಿಯಲಿಲ್ಲ.

ಬೇರೆ ದಾರಿಯಿಲ್ಲದೆ ಮತ್ತೆ ಚಿಕ್ಕಮಗಳೂರಿಗೆ ಹೋಗಿ ಲೇತ್ ಅಂಗಡಿಯಲ್ಲಿ ನಟ್ಟು ಕಡೆಯಲು ಕೊಟ್ಟೆವು. ಲೇತಿನವರು ಅಳತೆ ತೆಗೆದು, "ಉಲ್ಟಾ ತಾನೆ? ಗೊತ್ತು ಬಿಡಿ" ಎಂದು ಒಳ್ಳೆಯ ಹೊಳಪಿನ ನಟ್ಟು ಮಾಡಿದರು. ಆದರೆ ಉಲ್ಟಾ ಅಲ್ಲ, ಮಾಮೂಲಿ ಥ್ರೆಡ್ಡಿನದು ಮಾಡಿದ್ದರು. "ಓ, ನೀವು ಉಲ್ಟಾ ಅಂದಿದ್ದು ಉಲ್ಟಾನೇ?" ಎಂದು ಬೇಸರಪಟ್ಟುಕೊಂಡು ಇನ್ನೊಮ್ಮೆ ಕಡೆದರು. ಕಳಸದವರಿಗೂ ಇರಲಿ ಎಂದು ಅಣ್ಣ ಎರಡು ಮಾಡಿಸಿದ. ಈ ಓಡಾಟದಲ್ಲೆಲ್ಲ ಅವನ ಸಕ್ಕರೆ ಕಾಯಿಲೆ, ನನ್ನ ಬೆನ್ನು ನೋವು, ಈ ಸಲದ ಕಾಫಿ ಹೂವಿನ ಮಳೆ, ಎಲ್ಲವನ್ನೂ ಮಾತಾಡಿದೆವು. ಮಾತು ಕೆರೆಯ ಹತ್ತಿರ ಬಂದರೆ ಇಬ್ಬರೂ ರಸ್ತೆ ನೋಡುತ್ತಿದ್ದೆವು.

ನಟ್ಟು ಬೆಣ್ಣೆಯ ಹಾಗೆ ಕೂತಿತು. ಮಿಷಿನ್ನು ತಿರುಗಿತು, ಕತ್ತಿಗಳು ಹರಿತವಾದವು, ಮರಗಸಿಯೂ ನಡೆಯಿತು. ಪಂಚಾಯ್ತಿಗೆ ಕೂತಿದ್ದ ಹಿರಿಯರಲ್ಲಿ ಬದುಕಿರುವವರೊಬ್ಬರು ಬಾಳೂರಿನ ಮದುವೆಮನೆಯಲ್ಲಿ ನಾವು ಒಂದೇ ಜೀಪಿನಿಂದ ಇಳಿದದ್ದನ್ನು ಕಂಡು, "ನಾನು ಅವತ್ತು ಹಂಗೆ ಹಿಸ್ಸೆ ಮಾಡಿದ್ದಕ್ಕೆ ಇವತ್ತು ಹಿಂಗೆ ಇದ್ದೀರಿ" ಎಂದು ಬೆನ್ನು ತಟ್ಟಿದರು.

ಸ್ವಲ್ಪ ದಿನ ಬಿಟ್ಟು ಇನ್ನೊಂದು ನಟ್ಟು ಹಿಡಿದುಕೊಂಡು ಕಳಸಕ್ಕೆ ಹೋದರೆ ವೆಲ್ಡರಿನ ಮೂಲೆ ಖಾಲಿಯಾಗಿತ್ತು.

"ಅಯ್ಯೋ, ಮೊನ್ನೆ ಗುಜರಿಯವ್ರು ಬಂದಿದ್ರು. ನೀವು ಬರ್ತೀರೋ ಇಲ್ವೋ ಅಂತ ಕೊಟ್ಬಿಟ್ಟೆ" ಎಂದರು. ನಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, ಚೆನ್ನಾಗಿದೆ ಎಂದು ಹೊಗಳಿ ವಾಪಸು ಕೊಟ್ಟರು.

ಬರುವಾಗ ದಾರಿಯ ಒಂದು ಹೋಟೆಲಿನಲ್ಲಿ ಕಾಫಿಗೆ ನಿಲ್ಲಿಸಿದೆವು. ನಟ್ಟು ಮೇಜಿನ ಮೇಲೆ ನಮ್ಮ ಲೋಟಗಳ ನಡುವೆ ಕೂತಿತ್ತು. ಹಿಸ್ಸೆಯಾದ ಮೇಲೆ ನಮ್ಮಿಬ್ಬರಿಗೂ ಸೇರಿ ಹುಟ್ಟಿದ ಮೊದಲ ಆಸ್ತಿ. ಅಣ್ಣ ಬಹಳ ಹೊತ್ತು ಅದನ್ನೇ ನೋಡಿ, ಎತ್ತಿ ನನ್ನ ಅಂಗಿಯ ಕಿಸೆಗೆ ಹಾಕಿದ.

"ನೀನೇ ಇಟ್ಕೋ. ನನ್ ಹತ್ರ ಇದ್ರೆ ಕಳ್ದೋಗ್ತದೆ."

ಅವನು ತಾನಾಗಿ ಏನನ್ನಾದರೂ ಬಿಟ್ಟುಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಹಾಗೆಂದು ಬಾಯಿಬಿಟ್ಟು ಹೇಳಿದ್ದರೆ ಖಂಡಿತ ವಾಪಸು ಕೇಳುತ್ತಿದ್ದ. ಸುಮ್ಮನೆ ಇನ್ನೊಂದು ಕಾಫಿ ಹೇಳಿದೆ, ಅವನಿಗೆ ಸಕ್ಕರೆ ಇಲ್ಲದ್ದು.