ಕೊಡೆ ರಿಪೇರಿಯವನ ಹಮ್ಮಿಂಗ್ ಬರ್ಡ್

ಗೆಳೆಯ ಹೋದ ಮೇಲೆ ನನಗೆ ಅಂಗಡಿಯಲ್ಲಿ ಕೂರಲು ಆಗುತ್ತಿಲ್ಲ. ನನ್ನದು ಹಳೆ ಪುಸ್ತಕಗಳ ಅಂಗಡಿ, ಗೋಡೆಯಾಚೆ ಅವನ ಕೊಡೆ ರಿಪೇರಿ ಅಂಗಡಿ ಇತ್ತು. ಒಂದು ಪುಟ ಓದುತ್ತೇನೆ, ಏಳುತ್ತೇನೆ, ಬಾಗಿಲವರೆಗೆ ಹೋಗಿ ಬರುತ್ತೇನೆ. ಇದು ಅವನ ಚಾಳಿ. ಅವನಿದ್ದಾಗ ಅಂಟದ್ದು ಈಗ ಅಂಟಿಕೊಂಡಿದೆ.

ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತಲೇ ಎದ್ದು ಬೀದಿ ನೋಡುವನು. ಅರ್ಧ ಲೋಟ ಚಹಾ ನನ್ನಲ್ಲಿ, ಉಳಿದರ್ಧ ಎದುರಿನ ಕ್ಷೌರದಂಗಡಿಯಲ್ಲಿ. ಬೀದಿಗೆಲ್ಲ ಅವನು ಗಿರಗಿಟ್ಲೆ. ನಾನು ಅವನ ಬಾಯಲ್ಲಿ ಬರೀ ‘ಪುಸ್ತಕ’.

ಕೊಡೆ ಮುರಿದರೆ ಎಸೆದು ಹೊಸದು ಕೊಳ್ಳುವ ಕಾಲ ಬಂತು. ಅವನ ಅಂಗಡಿಗೆ ನೊಣ ಹೊಡೆಯುವ ಕೆಲಸವೊಂದೇ ಉಳಿಯಿತು. ಅಂಥ ಹೊತ್ತಿನಲ್ಲಿ ವಿಜ್ಞಾನ ಮ್ಯೂಸಿಯಂನ ಮೇಡಂ ಒಬ್ಬರು ಕೊಡೆ ಸರಿಮಾಡಿಸಲು ಬಂದು ಅವನ ಬೆರಳುಗಳನ್ನೇ ನೋಡುತ್ತ ನಿಂತರು. ಅವರಲ್ಲಿ ಹಕ್ಕಿಗಳ ಹಾರಾಟದ ಕೋಣೆಯೊಂದು ಸಿದ್ಧವಾಗುತ್ತಿತ್ತು. ಮಕ್ಕಳು ಹಿಡಿ ತಿರುಗಿಸಿದರೆ ಮೊಳದುದ್ದದ ಹಮ್ಮಿಂಗ್ ಬರ್ಡ್ ರೆಕ್ಕೆ ನಿಧಾನವಾಗಿ ಆಡಬೇಕು. ನಿಜವಾದ ಹಕ್ಕಿ ಹೆಬ್ಬೆರಳಿನಷ್ಟು, ರೆಕ್ಕೆ ಬಡಿತ ಕಣ್ಣಿಗೇ ಸಿಗದು.

“ಇದು ಸರಿಯಾಗಿ ಬಂದರೆ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಮೇಜು ನಿಮಗೇ. ಖಾಯಂ ಕೆಲಸ,” ಎಂದರು.

ಅವನು ಅವತ್ತಿಂದ ನೆಲದ ಮೇಲೆ ನಿಲ್ಲಲಿಲ್ಲ. ಕೊಡೆ ಕಡ್ಡಿಯ ಮೂಳೆ, ಕೊಡೆ ಬಟ್ಟೆಯ ಗರಿ ಸೇರಿಸಿ ರೆಕ್ಕೆ ಮಾಡಿಯೇಬಿಟ್ಟ. ಹಿಡಿ ತಿರುಗಿಸಿದರೆ ಅದು ಬಿಚ್ಚಿಕೊಂಡು ಕೆಳಗಿಳಿಯುತ್ತಿತ್ತು, ಮಡಚಿಕೊಂಡು ಮೇಲೇಳುತ್ತಿತ್ತು. ನನಗಂತೂ ತುಂಬ ಚೆನ್ನಾಗಿ ಕಂಡಿತು.

ಇಬ್ಬರೂ ಅದನ್ನು ಮ್ಯೂಸಿಯಂಗೆ ಒಯ್ದೆವು. ಮೇಡಂ ನೋಡಿ ನಕ್ಕರು. “ಇದು ಕಾಗೆಯಾಯ್ತಲ್ಲ! ಕಾಗೆ ರೆಕ್ಕೆ ಬಿಚ್ಚಿ ಗಾಳಿ ಒತ್ತುತ್ತೆ, ಎತ್ತುವಾಗ ಗಾಳಿ ತಡೆಯಬಾರದು ಅಂತ ಮಡಚಿಕೊಳ್ಳುತ್ತೆ. ಹಮ್ಮಿಂಗ್ ಬರ್ಡ್ ಹಾಗೆ ಮಡಚಲ್ಲ. ಮುಂದಕ್ಕೆ ಬೀಸಿ, ಭುಜದಲ್ಲೇ ರೆಕ್ಕೆ ಮಗುಚಿ, ಹಿಂದಕ್ಕೂ ಬೀಸುತ್ತೆ. ಎರಡು ಬೀಸೂ ಅದನ್ನ ಎತ್ತಿ ಹಿಡಿಯುತ್ತೆ. ಅದಕ್ಕೇ ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲೋದು.”

“ಮಡಚದ ಕೊಡೆ ಮಾಡು ಅಂತಾರಲ್ಲೋ ಪುಸ್ತಕ!” ಎಂದು ಆಚೆ ಬಂದವನೇ ಗೊಣಗಿದ.

ಕೊಡೆ ರಿಪೇರಿಯವನು ಮಾತ್ರ ಮಾಡಬಹುದಾದ ತಪ್ಪು ಅದು. ಬಿಚ್ಚಿಕೊಂಡದ್ದು ಮಡಚಿಕೊಳ್ಳಲೇಬೇಕು ಎಂದು ಅವನ ಕೈ ನಂಬಿತ್ತು. ಎರಡನೆಯ ರೆಕ್ಕೆಯಲ್ಲೂ ಎಲ್ಲೋ ಒಂದು ಮಡಚುವ ಕೀಲು ಇಣುಕಿತು. ಅದನ್ನು ಕಿತ್ತ. ಮೂರನೆಯದರಲ್ಲಿ ಅದಕ್ಕಿಂತ ಪುಟ್ಟದೊಂದು. “ಬೇಡ ಅಂದ್ರೂ ಕೈ ತಾನಾಗೇ ಹಾಕಿಬಿಡುತ್ತೆ ಕಣೋ.” ಕೋಣೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ಮೇಜು ಕೈ ತಪ್ಪುವ ಹಾಗಿತ್ತು.

“ನಿಮ್ಮ ಸ್ನೇಹಿತರಿಗೆ ಸ್ವಲ್ಪ ಹೇಳಿ,” ಎಂದು ಅವನ ಹೆಂಡತಿ, ನಮ್ಮ ಅತ್ತಿಗೆ, ನನ್ನಲ್ಲಿ ದೂರಿದರು. “ತಟ್ಟೆ ಮುಂದೆ ಕೂತು ಕೈ ಬೀಸ್ತಾರೆ. ನೊಣ ಇಲ್ಲ ರೀ, ಊಟ ಮಾಡಿ ಅಂದೆ.”

“ಸುಮ್ನಿರೇ, ಈಗ ಸಿಕ್ತಾ ಇತ್ತು!” ಎಂದು ಅವನು ಒಳಗಿಂದ ಕೂಗಿದ.

ಕಡೆಗೆ ಅದು ಸಿಕ್ಕಿದ್ದು ಬಟ್ಟೆ ಒಗೆಯುವ ಬಾನಿಯಲ್ಲಿ. ಒಂದು ಭಾನುವಾರ ಅತ್ತಿಗೆ ನೀರು ತುಂಬಿಸಿಟ್ಟಿದ್ದರು. ಇವನು ಅಂಗಿಯ ತೋಳು ಮಡಚಿ ಕೈ ಇಳಿಸಿದ.

“ಒಗೆಯೋಕೆ ಬಂದ್ರಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದನೋ!”

ಅವನು ಜಗಲಿಯಲ್ಲಿ ಕೂತಿದ್ದ ನನ್ನನ್ನು ಕೂಗಿ ಕರೆದ. ನನ್ನ ಕೈಯನ್ನೂ ನೀರಿಗಿಳಿಸಿದ. ಅಂಗೈ ತುಸು ಓರೆ ಮಾಡಿ ಮುಂದಕ್ಕೆ ಬೀಸಿದರೆ ನೀರು ಕೈಯನ್ನು ಮೇಲಕ್ಕೆತ್ತುತ್ತಿತ್ತು. ಹಾಗೇ ಹಿಂದಕ್ಕೆಳೆದರೆ ಕೆಳಗೆ ಜಗ್ಗುತ್ತಿತ್ತು. ಅಂಗೈ ಮಗುಚಿ ಹಿಂದಕ್ಕೆ ತಂದರೆ ಮತ್ತೆ ಎತ್ತುತ್ತಿತ್ತು. ಕೈ ನೀರಿನಲ್ಲಿ ಅಡ್ಡ ಮಲಗಿದ ಇಂಗ್ಲಿಷ್ ಎಂಟನ್ನು ಬರೆಯುತ್ತಿತ್ತು. “ಎಲ್ಲಾದರೂ ಮಡಚ್ತಾ? ಬರೀ ಮಗುಚೋದು ಕಣೋ!” ಎಂದು ನನ್ನ ಮೇಲೆಲ್ಲ ನೀರು ಚೆಲ್ಲಿದ.

ಬಿಗಿದ ಕೀಲುಗಳನ್ನು ಸಡಿಲಿಸುತ್ತಲೇ ಬದುಕಿದವನು ಅವತ್ತು ಕೂತು ಕಡ್ಡಿಯ ಒಂದೊಂದು ಕೀಲಿಗೂ ಬೆಸುಗೆ ಹಾಕಿದ. ಭುಜದಲ್ಲಿ ಮಾತ್ರ ಒಂದು ತಿರುಗುವ ಕೀಲು ಬಿಟ್ಟ. ಬೆಸುಗೆ ಹಾಕುವಾಗಲೆಲ್ಲ ಹಲ್ಲುನೋವು ಬಂದವನ ಹಾಗೆ ಮುಖ ಕಿವುಚುತ್ತಿದ್ದ.

ಮೇಡಂ ಹಿಡಿ ತಿರುಗಿಸಿದರು. ರೆಕ್ಕೆ ಮುಂದಕ್ಕೆ ಬೀಸಿತು, ಮಗುಚಿತು, ಹಿಂದಕ್ಕೆ ಬೀಸಿತು. ಅವರು ಮತ್ತೊಮ್ಮೆ ತಿರುಗಿಸಿದರು.

“ಸೋಮವಾರದಿಂದ ಬಂದುಬಿಡಿ.”

“ಮೇಜು ಕಿಟಕಿ ಹತ್ತಿರ ಇದೆಯಾ ಮೇಡಂ? ನನಗೆ ಆಗಾಗ ಎದ್ದು ನೋಡಬೇಕಾಗುತ್ತೆ.”

ಕಿಟಕಿ ಪಕ್ಕವೇ ಕೊಟ್ಟರು. ಆದರೆ ಅವನು ಅಲ್ಲಿ ಹೆಚ್ಚು ಕಾಲ ಇರಲಿಲ್ಲ. ಮೊನ್ನೆ ಕೆಲಸಕ್ಕೆ ಹೊರಟವನು ಚಪ್ಪಲಿ ಹಾಕಿಕೊಳ್ಳುವಾಗ ಎದೆ ಹಿಡಿದುಕೊಂಡು ಕುಸಿದನಂತೆ. ಆಸ್ಪತ್ರೆ ಮುಟ್ಟಲಿಲ್ಲ.

ಅತ್ತಿಗೆ ಹೇಳಿದರೆಂದು ಅವನ ಸಾಮಾನು ತರಲು ಮ್ಯೂಸಿಯಂಗೆ ಹೋಗಿದ್ದೆ. ಮೇಜಿನ ಮುಂದೆ ಕುರ್ಚಿಯೇ ಇರಲಿಲ್ಲ.

“ಮೊದಲ ದಿನವೇ ಅವರೇ ತೆಗೆಸಿಬಿಟ್ಟರು,” ಎಂದರು ಮೇಡಂ. “ಓಡಾಡೋಕೆ ಅಡ್ಡ ಅಂತ.”

ಪಕ್ಕದ ಕೋಣೆಯಲ್ಲಿ ಮಕ್ಕಳು ಹಿಡಿಗಾಗಿ ಜಗಳವಾಡುತ್ತಿದ್ದರು. ನಾನು ನಿಂತುಕೊಂಡೇ ಅವನ ಇಕ್ಕಳ, ತಂತಿ, ಸೂಜಿಗಳನ್ನು ಬಟ್ಟೆಯಲ್ಲಿ ಕಟ್ಟಿದೆ.