ಅಪ್ಪನ ಅರ್ಜಿ

ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನಲ್ಲಿ ಪಾಸ್‌ಬುಕ್ ಇರಲಿಲ್ಲ, ಕೌಂಟರ್ ಇರಲಿಲ್ಲ, ದುಡ್ಡು ಕಟ್ಟಲು ಸಾಲಿನಲ್ಲಿ ನಿಲ್ಲುವವರೂ ಇರಲಿಲ್ಲ. ಅದು ಕಾರ್ಖಾನೆ ಕಟ್ಟುವವರಿಗೆ ದೀರ್ಘಾವಧಿ ಸಾಲ ಕೊಡುವ ಸರ್ಕಾರಿ ಸಂಸ್ಥೆ. ಶೆಡ್ಡಿಗೆ, ಯಂತ್ರಗಳಿಗೆ, ಒಮ್ಮೊಮ್ಮೆ ಊರಾಚೆಯ ಕೈಗಾರಿಕಾ ವಸಾಹತಿಗೆ ರಸ್ತೆ, ನೀರು ತರುವುದಕ್ಕೆ ಸಾಲ ಮಂಜೂರಾಗುತ್ತಿತ್ತು. ಮದ್ರಾಸಿನ ಮೌಂಟ್ ರಸ್ತೆಯ ಒಂದು ಹಳೆಯ ಕಟ್ಟಡದ ಮಹಡಿಯ ಮೇಲೆ ನಮ್ಮ ಆಫೀಸು. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿಯ ತಾಂತ್ರಿಕ ವಿಭಾಗಕ್ಕೆ ಸೇರಿದೆ. ಗಿಂಡಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ್ದೆ. ನಮ್ಮ ವಿಭಾಗದಲ್ಲಿ ಹೆಂಗಸು ನಾನೊಬ್ಬಳೇ. ಅರ್ಜಿ ಹಾಕಿದವರ ಜಾಗಕ್ಕೆ ಹೋಗಿ, ಅವರು ಹೇಳುವ ಯಂತ್ರ ಅವರು ಹೇಳುವ ಕೆಲಸ ಮಾಡೀತೇ ಎಂದು ನೋಡಿ ಬರೆಯುವುದು ನಮ್ಮ ಪಾಲಿನ ಕೆಲಸ.

ಅಪ್ಪ ಪೆರಂಬೂರಿನ ರೈಲು ಬೋಗಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಮೈಸೂರು ಕಡೆಯಿಂದ ಹುಡುಗರಾಗಿ ಬಂದವರು, ಜೀವಮಾನವೆಲ್ಲ ತಗಡು, ರಿವೆಟ್ಟು, ಕಿಟಕಿ ಚೌಕಟ್ಟುಗಳ ನಡುವೆ ಕಳೆದರು. ನಿವೃತ್ತರಾದ ಮೇಲೆ ರೈಲ್ವೆ ಕ್ವಾರ್ಟರ್ಸ್ ಬಿಟ್ಟು ಮೈಲಾಪೂರಿನಲ್ಲಿ, ದೇವಸ್ಥಾನದ ಕೊಳದ ಹಿಂದಿನ ಬೀದಿಯಲ್ಲಿ, ಒಂದು ಹಳೇ ಮನೆಯ ಅರ್ಧ ಭಾಗಕ್ಕೆ ಬಾಡಿಗೆಗೆ ಬಂದೆವು. ಅಪ್ಪ ಮನೆಯಲ್ಲಿ ಕೂರುವ ಜಾತಿಯಲ್ಲ. ಬಹಳ ವರ್ಷಗಳ ಹಿಂದೆ ಒಂದು ಪ್ರಯಾಣದಲ್ಲಿ ಅವರ ಎದುರಿಗೆ ಕೂತಿದ್ದ ಹೆಂಗಸಿನ ಬೆರಳುಗಳ ಮೇಲೆ ಬೋಗಿಯ ಕಿಟಕಿ ಶಟರು ಜಾರಿ ಬಿದ್ದಿತ್ತಂತೆ. ಆಕೆ ಕಿರುಚಲೂ ಇಲ್ಲ, ಸುಮ್ಮನೆ ಕೈ ಹಿಡಿದುಕೊಂಡು ಕೂತುಬಿಟ್ಟಳು ಎಂದು ಅಪ್ಪ ಹೇಳುತ್ತಿದ್ದರು. ಕೊಕ್ಕೆ ತಪ್ಪಿದರೂ ನಡುದಾರಿಯಲ್ಲೇ ನಿಂತುಬಿಡುವ ಶಟರು ಮಾಡಬೇಕೆಂಬುದು ಅಂದಿನಿಂದ ಅವರ ತಲೆ ಹೊಕ್ಕಿತ್ತು. ನಿವೃತ್ತಿಯ ನಂತರ ಹಳೆಯ ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಸೇರಿಸಿಕೊಂಡು, ಅಂಥ ಶಟರುಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆ ಹಾಕುವುದೆಂದು ನಿಶ್ಚಯಿಸಿದರು. ಸಾಲಕ್ಕೆ ಅರ್ಜಿ ಹಾಕುತ್ತೇನೆ ಎಂದಾಗ ಬೀದಿ ಕೊನೆಯ ಬ್ಯಾಂಕಿಗೆ ಹಾಕುತ್ತಾರೆಂದು ನಾನು ತಿಳಿದಿದ್ದೆ.

ಒಂದು ದಿನ ನಮ್ಮ ಮ್ಯಾನೇಜರು ನನ್ನನ್ನು ಕರೆದು ಕೂರಿಸಿದರು. "ಹೊಸದೊಂದು ಅರ್ಜಿ ಬಂದಿದೆ. ಅರ್ಜಿದಾರರ ವಿಳಾಸ ನಿಮ್ಮ ಮನೆಯದು," ಎಂದರು. ಆ ಫೈಲನ್ನು ನಾನು ಮುಟ್ಟಕೂಡದು, ಆಫೀಸಿನಲ್ಲಿ ಅದರ ಬಗ್ಗೆ ಯಾರನ್ನೂ ಕೇಳಕೂಡದು, ಮನೆಯಲ್ಲಿ ಅದರ ಮಾತು ಎತ್ತಕೂಡದು ಎಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದರು. ನ್ಯಾಯವಾದ ಮಾತೇ. ನಾನು ತಲೆಯಾಡಿಸಿ ಬಂದೆ.

ಸಂಜೆ ಅಪ್ಪ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

"ನಮ್ಮ ಆಫೀಸಿಗೇ ಹಾಕಿದೀರಂತಲ್ಲಪ್ಪ," ಎಂದು ತಡೆಯಲಾರದೆ ಕೇಳಿಬಿಟ್ಟೆ.

"ಹೂಂ. ಕಾರ್ಖಾನೆಗೆ ಸಾಲ ಕೊಡೋರು ನೀವೇ ತಾನೆ? ಇನ್ನೆಲ್ಲಿಗೆ ಹೋಗ್ಲಿ?"

"ನನಗೊಂದು ಮಾತು ಹೇಳಬೋದಿತ್ತು."

"ಹೇಳಿದ್ರೆ ನಿನಗೆ ಕಷ್ಟ. ಇನ್ಮೇಲೂ ಹೇಳಲ್ಲ. ನೀನೂ ಕೇಳ್ಬೇಡ." ಪೇಪರಿನ ಪುಟ ತಿರುಗಿಸಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲಿನ ತಿಂಗಳುಗಳು ವಿಚಿತ್ರವಾಗಿದ್ದವು. ಅಪ್ಪ ಹಿಂದೆಲ್ಲ ಊಟಕ್ಕೆ ಕೂತಾಗ ಚೌಕಟ್ಟು, ಸ್ಪ್ರಿಂಗು ಎಂದು ಎಲೆಯ ಮೇಲೆ ಬೆರಳಿನಲ್ಲಿ ಗೀಚಿ ತೋರಿಸುತ್ತಿದ್ದವರು, ಈಗ ಮಳೆ, ನೀರಿನ ಪಂಪು, ತರಕಾರಿಯ ಬೆಲೆ ಇಷ್ಟನ್ನೇ ಮಾತಾಡುತ್ತಿದ್ದರು. ನಾನೂ ಅಷ್ಟೆ. ಅಮ್ಮನಿಗೆ ಇದು ಸಹಿಸಲಾಗಲಿಲ್ಲ. "ಅವಳ ಆಫೀಸ್ಗೇ ಅರ್ಜಿ ಹಾಕಿ ಅವಳ ಹತ್ರನೇ ಬಾಯಿ ಬಿಡದೆ ಇರೋದು ಎಂಥ ನ್ಯಾಯ? ರೆಂಡು ಪೇರೂ ಊಮೈ ಮಾದಿರಿ ಕೂತಿದೀರಿ," ಎಂದರು. ಇಬ್ಬರೂ ಮೂಗರ ಹಾಗೆ ಕೂತಿದ್ದೀರಿ ಎಂದು ಅದರ ಅರ್ಥ. ಅಮ್ಮನಿಗೆ ಸಿಟ್ಟು ಬಂದಾಗ ತಮಿಳು ತಾನಾಗಿ ಬರುತ್ತಿತ್ತು.

ಅಪ್ಪನ ಅರ್ಜಿಯನ್ನು ಪರಿಶೀಲಿಸಲು ಕೊಟ್ಟಿದ್ದು ನನ್ನ ಪಕ್ಕದ ಮೇಜಿನವರಿಗೆ. ತಂಜಾವೂರು ಕಡೆಯವರು, ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವರು, ದಿನಾ ಮಧ್ಯಾಹ್ನ ನನ್ನ ಡಬ್ಬಿಯ ಚಟ್ನಿಪುಡಿಗೆ ಕೈ ಚಾಚುವಷ್ಟು ಸಲಿಗೆ. ಮಾದರಿ ಚೌಕಟ್ಟನ್ನು ಮನೆಯಲ್ಲಿಟ್ಟಿದ್ದರಿಂದ ಅದನ್ನು ನೋಡಲು ಅವರು ಮನೆಗೇ ಬರಬೇಕಾಯಿತು. ನಾನು ಅಂದು ರಜೆ ಹಾಕಿ ಎಲ್ಲಿಗಾದರೂ ಹೋಗುವುದೆಂದುಕೊಂಡಿದ್ದೆ. ಅಮ್ಮನಿಗೆ ಜ್ವರ ಬಂದಿದ್ದರಿಂದ ಹೋಗಲಾಗಲಿಲ್ಲ. ಅವರು ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಕಾಫಿ ಮಾಡಿದ್ದು ನಾನೇ. ತೆಗೆದುಕೊಂಡು ಹೋಗಿ ಕೊಟ್ಟಿದ್ದು ಅಪ್ಪ. ದಿನವೂ ಒಟ್ಟಿಗೆ ಊಟ ಮಾಡುವ ಮನುಷ್ಯ ನಮ್ಮ ಜಗಲಿಯ ಮೇಲೆ ಅಪರಿಚಿತರ ಹಾಗೆ ಕೂತು ಕಾಫಿ ಕುಡಿಯುತ್ತಿದ್ದರು, ನಾನು ಬಾಗಿಲ ಮರೆಯಲ್ಲಿ ಗೋಡೆಗೊರಗಿ ನಿಂತಿದ್ದೆ. ಹೊರಗಡೆ ಅಪ್ಪ ಶಟರನ್ನು ಮೇಲೆತ್ತಿ ಕೈಬಿಡುವುದು ಕೇಳುತ್ತಿತ್ತು. ಬೀಳುವ ಸದ್ದಿನ ನಡುವೆಯೇ ಟಕ್ ಎಂದು ನಿಲ್ಲುತ್ತಿತ್ತು. ಬಂದವರು ಮತ್ತೆ ಮತ್ತೆ ಮಾಡಿಸಿ ನೋಡುವುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಕೊನೆಗೆ ತಾವೇ ಚೌಕಟ್ಟಿನ ಮೇಲೆ ಬೆರಳಿಟ್ಟು, "ಈಗ ಬಿಡಿ ಸಾರ್," ಎಂದರು. ಅಪ್ಪ ಬಿಡಲಿಲ್ಲ. "ಬೇಡ. ನಂಬಿಕೆ ಬೇರೆ, ಬೆರಳು ಬೇರೆ," ಎಂದು ತಮಿಳಿನಲ್ಲಿ ಹೇಳಿ, ಒಂದು ಸೀಮೆಸುಣ್ಣದ ಕಡ್ಡಿ ಇಟ್ಟು ತೋರಿಸಿದರು. ಕಡ್ಡಿ ಮುರಿಯಲಿಲ್ಲ.

ಕೊನೆಯ ಹಂತದಲ್ಲಿ ಅರ್ಜಿದಾರರನ್ನು ಸಮಿತಿಯ ಮುಂದೆ ಕರೆಸುವುದು ಪದ್ಧತಿ. ಅಪ್ಪ ತಮ್ಮಲ್ಲಿದ್ದ ಒಂದೇ ಕೋಟು ಹಾಕಿಕೊಂಡು ಬಂದರು. ಬೆಳಿಗ್ಗೆ ಮನೆಯಿಂದ ಒಟ್ಟಿಗೇ ಹೊರಡಬಹುದಿತ್ತು. ಅವರು ಬೇಕೆಂದೇ ನನಗಿಂತ ಮುಂಚಿನ ಬಸ್ಸು ಹಿಡಿದಿದ್ದರು. ನಾನು ಆಫೀಸು ತಲುಪಿದಾಗ ಕಾರಿಡಾರಿನ ಬೆಂಚಿನ ಮೇಲೆ ಬೇರೆ ಅರ್ಜಿದಾರರ ನಡುವೆ ಕೂತಿದ್ದರು. ನನ್ನನ್ನು ಕಂಡು ಕಾಲು ಸ್ವಲ್ಪ ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು. ನಾನು ಹಾದು ಒಳಗೆ ಹೋದೆ. ವಿಷಯ ಗೊತ್ತಿದ್ದ ನಮ್ಮ ಜವಾನ ಒಂದು ಲೋಟ ಕಾಫಿ ತಂದುಕೊಟ್ಟರೆ, "ಇವರಿಗೆಲ್ಲ ಕೊಡ್ತೀಯೇನಪ್ಪ? ಇಲ್ಲದಿದ್ರೆ ನನಗೂ ಬೇಡ," ಎಂದರಂತೆ. ಮಧ್ಯಾಹ್ನ ಕಿಟಕಿಯಿಂದ ನೋಡಿದೆ. ಸಂದರ್ಶನ ಮುಗಿಸಿ ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡು ಬಸ್ ನಿಲ್ದಾಣದ ಬಿಸಿಲಿನಲ್ಲಿ ನಿಂತಿದ್ದರು. ಬಸ್ಸು ಬಂದು ಅವರನ್ನು ಹತ್ತಿಸಿಕೊಂಡು ಹೋಗುವವರೆಗೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ.

ಅರ್ಜಿ ತಿರಸ್ಕೃತವಾಯಿತು. ಮಾಡಿದ ಸರಕನ್ನು ಕೊಳ್ಳುವವರು ರೈಲ್ವೆಯವರೊಬ್ಬರೇ, ಅರ್ಜಿದಾರರಿಗೆ ವಯಸ್ಸಾಗಿದೆ, ಅವರ ನಂತರ ನಡೆಸಿಕೊಂಡು ಹೋಗುವವರು ಯಾರೂ ಇಲ್ಲ ಎಂಬುವು ಕಾರಣಗಳು. ಯಾರೂ ನನಗೆ ಹೇಳಲಿಲ್ಲ, ಆದರೂ ತೀರ್ಮಾನವಾದ ಸಂಜೆಯೇ ತಿಳಿಯಿತು. ಪಕ್ಕದ ಮೇಜಿನವರು ಅಂದು ನನ್ನ ಮುಖ ನೋಡದೆ ಹೊರಟುಹೋದರು, ಅಷ್ಟು ಸಾಕಾಗಿತ್ತು. ಅಧಿಕೃತ ಪತ್ರ ಮನೆ ತಲುಪುವವರೆಗಿನ ದಿನಗಳಲ್ಲಿ ನಾನು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಊಟ ಮಾಡಿದೆ, ಮಾತಾಡಿದೆ. ಅಪ್ಪನಿಗೂ ನನ್ನ ಮುಖದಿಂದ ತಿಳಿದಿತ್ತೆಂದು ಈಗ ಅನ್ನಿಸುತ್ತದೆ. ಒಂದು ದಿನ ಸುಮ್ಮನೆ ನನ್ನ ಎಲೆಗೆ ತಮ್ಮ ಪಾಲಿನ ಹಪ್ಪಳ ಹಾಕಿದರು. ಚಿಕ್ಕಂದಿನಲ್ಲಿ ನನಗೆ ಹುಷಾರಿಲ್ಲದಾಗ ಹಾಗೆ ಮಾಡುತ್ತಿದ್ದರು.

ಪತ್ರ ಬಂದಾಗ ಜಗಲಿಯಲ್ಲೇ ನಿಂತು ಓದಿ ಅಮ್ಮನ ಕೈಗಿತ್ತರು. "ಬರೆದಿರೋದೆಲ್ಲ ಸರಿಯಾಗೇ ಇದೆ," ಎಂದರು. "ನಾನು ಆ ಕುರ್ಚೀಲಿ ಕೂತಿದ್ರೂ ಹೀಗೇ ಬರೀತಿದ್ನೇನೋ." ಜೊತೆಗೆ ಸೇರಿದ್ದ ಸಹೋದ್ಯೋಗಿ ಆಸೆ ಬಿಟ್ಟು ಮಗನ ಮನೆಗೆ ತಿರುಚ್ಚಿಗೆ ಹೊರಟುಹೋದರು. ಅಪ್ಪ ಮಾದರಿ ಚೌಕಟ್ಟಿಗೆ ಎಣ್ಣೆ ಹಚ್ಚಿ ಗೋಣಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು. ದಿನಾ ಸಂಜೆ ಸಾಂತೋಮ್ ಕಡೆ ಸಮುದ್ರದ ದಂಡೆಗೆ ಹೋಗಿ ಕೂರತೊಡಗಿದರು.

ಒಂದಷ್ಟು ತಿಂಗಳು ಕಳೆದ ಮೇಲೆ, ಅರ್ಜಿಯ ಕಟ್ಟು ಹಳೆಯ ಫೈಲುಗಳ ಕೋಣೆ ಸೇರಿದ ನಂತರ, ಪಕ್ಕದ ಮೇಜಿನವರು ಊಟದ ಹೊತ್ತಿನಲ್ಲಿ ತಾವಾಗಿಯೇ ಬಾಯಿಬಿಟ್ಟರು. "ಅಮ್ಮಾ, ನಿಮಗಿದು ಗೊತ್ತಿರಬೇಕು. ನಾನು ಸಾಲ ಕೊಡಬಹುದೆಂದೇ ಬರೆದಿದ್ದೆ. ಸಮಿತಿಗೂ ಮನಸ್ಸಿತ್ತು. ಅಧ್ಯಕ್ಷರು ನಿಮ್ಮ ತಂದೆಯನ್ನು ಕೇಳಿದರು, 'ನಿಮ್ಮ ಮಗಳೇ ಎಂಜಿನಿಯರ್ ಅಲ್ಲವೇ? ಆಕೆ ಇಲ್ಲಿಯ ಕೆಲಸ ಬಿಟ್ಟು ನಿಮ್ಮ ಜೊತೆ ಪಾಲುದಾರಳಾಗಿ ಸೇರುವುದಾದರೆ ದಾರಿಯಿದೆ. ಮನೆಯಲ್ಲಿ ಮಾತಾಡಿ ಬರುತ್ತೀರಾ? ಒಂದು ವಾರ ಕಾಯುತ್ತೇವೆ.' ನಿಮ್ಮ ತಂದೆ ಯೋಚನೆ ಸಹ ಮಾಡಲಿಲ್ಲ. 'ಅವ ವೇಲೈ ಅವಳೋಡದು, ಸಾರ್,' ಅಂದುಬಿಟ್ಟರು."

ಅವಳ ಕೆಲಸ ಅವಳದು. ನಾನು ಡಬ್ಬಿ ಮುಚ್ಚಿದೆ.

ಇದನ್ನು ಕೇಳಿದ ಮಗಳ ಕಣ್ಣು ತುಂಬಿ ಬರಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟು. ಆಫೀಸಿನಿಂದ ನೇರವಾಗಿ ಸಮುದ್ರದ ದಂಡೆಗೆ ಹೋದೆ. ಅಪ್ಪ ಮೀನುಗಾರರು ಮರಳಿನ ಮೇಲೆ ಎಳೆದಿಟ್ಟಿದ್ದ ಕಟ್ಟುಮರದ ತೆಪ್ಪಕ್ಕೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕೂತೆ.

"ಕಮಿಟಿಯೋರು ಒಂದು ವಾರ ಟೈಮ್ ಕೊಟ್ಟಿದ್ರಂತೆ. ನನ್ನ ಯಾಕೆ ಕೇಳಲಿಲ್ಲ?"

ಅಪ್ಪ ಪಾದದ ಮರಳು ಕೊಡವಿಕೊಂಡರು. "ಕೇಳಿದ್ರೆ ನೀನು ಹೂಂ ಅಂತಿದ್ದೆ. ಅದಕ್ಕೇ ಕೇಳಲಿಲ್ಲ."

"ಹೂಂ ಅನ್ನೋದೋ ಉಹೂಂ ಅನ್ನೋದೋ ನನಗೆ ಬಿಟ್ಟಿದ್ದಲ್ವಾಪ್ಪ? ನನ್ನ ಪರವಾಗಿ ನೀವೇ ಉತ್ತರ ಹೇಳಿ ಬಂದ್ರಿ."

"ನಿನ್ನ ತಾತ ನನ್ನ ಕೇಳಿದ್ರು," ಎಂದರು ಅಪ್ಪ. "ಇಂಟರ್‌ಮೀಡಿಯೆಟ್ ಮುಗಿದಿತ್ತು. ಮುಂದೆ ಎಂಜಿನಿಯರಿಂಗ್ ಓದಬೇಕು ಅಂತಿದ್ದೆ. 'ರೈಲ್ವೇಲಿ ತಗೊಳ್ತಿದಾರಂತೆ, ಸೇರ್ಕೋತೀಯಾ? ತಮ್ಮ ತಂಗೀರಿದಾರೆ. ಬಲವಂತ ಇಲ್ಲಪ್ಪ,' ಅಂದ್ರು. ಬಲವಂತ ಇಲ್ಲ ಅಂತ ಹೆತ್ತೋರು ಕೇಳಿದ್ರೆ ಯಾವ ಮಕ್ಕಳು ಉಹೂಂ ಅಂತಾರೆ ಹೇಳು. ನನಗೇನೂ ಬೇಜಾರಿಲ್ಲ, ಆ ಕೆಲಸ ನನಗೆ ಅನ್ನ ಹಾಕ್ತು. ಆದ್ರೆ ನಿನಗೆ ಆ ಪ್ರಶ್ನೆ ಹಾಕಬಾರದು ಅಂತಿತ್ತು."

ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದಕ್ಕೆ ನಿಲ್ಲಲು ಜಾಗವೂ ಉಳಿಯಲಿಲ್ಲ. ಕತ್ತಲಾಗುತ್ತ ಬಂತು. ಏಳುವಾಗ ಅಪ್ಪ, "ನೀನು ಹೇಳಿದ್ದೂ ಸರಿ. ಕೇಳಿ, ಬೇಡ ಅನ್ನೋ ಧೈರ್ಯ ನಿನಗಿದೆ ಅಂತ ನಂಬಬೇಕಿತ್ತು," ಎಂದರು. ನಾನು ನಿಜವಾಗಿ ಏನೆನ್ನುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕೆಲಸ ನನಗೆ ಇಷ್ಟವಿತ್ತು. ಅಪ್ಪನೂ ಅಷ್ಟೇ ಇಷ್ಟ.

ಕೊನೆಗೆ ಆ ಶಟರಿಗೆ ದಾರಿ ಮಾಡಿಕೊಟ್ಟವರು ಪಕ್ಕದ ಮೇಜಿನವರೇ. ಗಿಂಡಿ ಕೈಗಾರಿಕಾ ವಸಾಹತಿನಲ್ಲಿ ನಮ್ಮ ಬ್ಯಾಂಕಿನ ಸಾಲದಿಂದಲೇ ನಡೆಯುತ್ತಿದ್ದ ಒಂದು ತಗಡಿನ ಕೆಲಸದ ಕಾರ್ಖಾನೆಯಿತ್ತು. ಮಾಲೀಕ ಮೂವತ್ತರ ಆಸುಪಾಸಿನವನು. ಯಂತ್ರಗಳಿದ್ದವು, ಆದರೆ ಅನುಭವಸ್ಥರೊಬ್ಬರಿಲ್ಲದೆ ಸರಕು ತಿರಸ್ಕೃತವಾಗಿ ವಾಪಸು ಬರುತ್ತಿತ್ತು. ಮ್ಯಾನೇಜರರ ಒಪ್ಪಿಗೆ ಪಡೆದು, ಅಪ್ಪನಿಗೂ ಅವನಿಗೂ ಪರಿಚಯ ಮಾಡಿಸಿದರು. ಅಪ್ಪ ಮೊದಲ ಭೇಟಿಯಲ್ಲೇ ಹೇಳಿದರಂತೆ, "ನಿಮ್ಮ ಕೆಲಸ ಸರಿ ಮಾಡಿಕೊಡ್ತೀನಿ. ಬಿಡುವಿನ ಹೊತ್ತಿನಲ್ಲಿ ನನ್ನದೊಂದು ಶಟರು ಮಾಡೋಕೆ ಬಿಡಬೇಕು." ಮಾಲೀಕ ಒಪ್ಪಿದ. ಗೋಣಿಯ ಕಟ್ಟು ಮಂಚದ ಕೆಳಗಿನಿಂದ ಹೊರಬಂತು. ಅದನ್ನು ಬಸ್ಸಿನಲ್ಲಿ ಹತ್ತಿಸಿಕೊಳ್ಳಲು ಕಂಡಕ್ಟರ್ ತಕರಾರು ತೆಗೆದದ್ದರಿಂದ ಅಪ್ಪ ಸೈಕಲ್ ರಿಕ್ಷಾದಲ್ಲಿ ಗಿಂಡಿಯವರೆಗೂ ಹೋದರು.

ಆ ವರ್ಷಗಳು ಸುಲಭವಾಗಿರಲಿಲ್ಲ. ಕರೆಂಟು ಕಡಿತದಿಂದ ವಾರದಲ್ಲಿ ಅರ್ಧ ಕಾಲ ಯಂತ್ರ ನಿಂತಿರುತ್ತಿತ್ತು. ಶಟರಿನ ಮಾದರಿಯನ್ನು ರೈಲ್ವೆಯವರ ಪರೀಕ್ಷೆಗೆ ಕಳಿಸಿದರೆ ತಿದ್ದುಪಡಿ ಕೇಳಿ ವಾಪಸು ಬರುತ್ತಿತ್ತು. ತೂಕ ಹೆಚ್ಚಾಯಿತು, ಧೂಳು ಕೂತರೆ ಸಿಕ್ಕಿಕೊಳ್ಳುತ್ತದೆ ಎಂದೆಲ್ಲ. ಅಪ್ಪ ಪ್ರತಿ ಸಲವೂ, "ಕೇಳಬೇಕಾದ್ದನ್ನೇ ಕೇಳಿದಾರೆ," ಎಂದು ಮತ್ತೆ ಮಾಡುತ್ತಿದ್ದರು. ಈಗ ಊಟದ ಹೊತ್ತಿನಲ್ಲಿ ನಾವು ಮಾತಾಡಬಹುದಾಗಿತ್ತು. ಸ್ಪ್ರಿಂಗಿನ ಲೆಕ್ಕ ನಾನು ಮಾಡಿಕೊಟ್ಟೆ. ಎರಡು ಸಲ ಅವರು ಒಪ್ಪಲಿಲ್ಲ, ಮೂರನೆಯ ಸಲ ಒಪ್ಪಿದರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ರೈಲ್ವೆಯಿಂದ ಶಟರಿಗೆ ಒಂದು ಸಣ್ಣ ಆರ್ಡರು ಬಂತು. ದೊಡ್ಡದೇನೂ ಅಲ್ಲ. ಕಾರ್ಖಾನೆಯ ಹೊಟ್ಟೆ ತುಂಬುತ್ತಿದ್ದದ್ದು ಬೇರೆ ಸಾಮಾನುಗಳಿಂದ. ಆದರೂ ಅಂದು ಅಪ್ಪ ಮನೆಗೆ ಮಲ್ಲಿಗೆ ಹೂ ತಂದರು. ಅಮ್ಮ ಏನು ವಿಶೇಷ ಎಂದು ಕೇಳಿದ್ದಕ್ಕೆ, "ಬೀದೀಲಿ ಮಾರ್ತಿದ್ರು," ಎಂದರು.

ಆ ಆರ್ಡರು ಮುಗಿಯುವ ಮೊದಲೇ ಅಪ್ಪ ತೀರಿಕೊಂಡರು. ಬೆಳಿಗ್ಗೆ ಶೆಡ್ಡಿನಲ್ಲಿ ಎದೆನೋವೆಂದು ಸ್ಟೂಲಿನ ಮೇಲೆ ಕೂತವರು ಮತ್ತೆ ಏಳಲಿಲ್ಲ. ಮಾಲೀಕನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು, ನನಗೆ ಆಫೀಸಿಗೆ ಫೋನ್ ಬಂತು. ನಾನು ತಲುಪುವಷ್ಟರಲ್ಲಿ ಕೆಲಸಗಾರರು ಆಸ್ಪತ್ರೆಯ ಹೊರಗೆ ಗ್ರೀಸಿನ ಕೈಗಳಲ್ಲೇ ನಿಂತಿದ್ದರು. ನನ್ನನ್ನು ಕಂಡು ದಾರಿ ಬಿಟ್ಟು ನಿಂತರು.

ಕರ್ಮಗಳೆಲ್ಲ ಮುಗಿದ ಮೇಲೆ ಆ ಮಾಲೀಕ ಮನೆಗೆ ಬಂದ. ಅಮ್ಮನೆದುರು ನೆಲದ ಮೇಲೆ ಕೂತು, ಅಯ್ಯಾ ಅವರ ಸ್ವಂತ ಉಪಕರಣಗಳು ಶೆಡ್ಡಿನಲ್ಲಿವೆ, ತಂದುಕೊಡಲೇ ಅಥವಾ ಅವರ ನೆನಪಿಗೆ ಶೆಡ್ಡಿನಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲೇ ಎಂದು ತಮಿಳಿನಲ್ಲಿ ಕೇಳಿದ. ಅಮ್ಮ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಗಟ್ಟಿ ದನಿಯಲ್ಲಿ ಮಾತಾಡಿದರು. "ಪೆಟ್ಟಿಗೇಲಿಟ್ಟರೆ ತುಕ್ಕು ಹಿಡಿಯತ್ತಪ್ಪ. ಯಾರ ಕೈಗಾದ್ರೂ ಕೊಡು. ದಿನಾ ಕೆಲಸ ನಡೀಲಿ." ಕನ್ನಡದಲ್ಲೇ ಹೇಳಿದ್ದರು. ಆತ ನನ್ನ ಮುಖ ನೋಡಿದ. ನಾನು ತಮಿಳಿನಲ್ಲಿ ಹೇಳಿದೆ. ತಲೆಯಾಡಿಸಿದ, ಕಣ್ಣೊರೆಸಿಕೊಂಡ.

ಅವನಿಗೆ ಊಟಕ್ಕೆ ಎಲೆ ಹಾಕು ಎಂದು ನನಗೆ ಹೇಳಿ ಅಮ್ಮ ಒಳಗೆ ಹೋದರು.