ಸೂಲಗಿತ್ತಿಯ ಆಣೆ

ನನ್ನ ನೌಕರಿಗೆ ಮೂರು ಹೆಸರು ಬಂದು ಹೋದವು. ಸೇರಿದಾಗ ಎ.ಎನ್.ಎಂ. ಆಗಿದ್ದೆ. ಆಮೇಲೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಆದೆ. ತಲೆ ನರೆತು, ಮಂಡಿ ಸವೆದ ಮೇಲೂ ಕಿರಿಯಳಾಗಿಯೇ ಉಳಿದೆ. ನಿವೃತ್ತಿಯ ಹೊಸ್ತಿಲಲ್ಲಿ ಇದ್ದಾಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಉದ್ದನೆಯ ಹೆಸರು ಕೊಟ್ಟು, ಕೈಗೊಂದು ಟ್ಯಾಬ್ ಕೊಟ್ಟರು. ಊರಿನವರಿಗೆ ಇದ್ಯಾವುದೂ ಬೇಕಿರಲಿಲ್ಲ. ಅವರಿಗೆ ನಾನು ಮೊದಲ ದಿನವೂ ನರ್ಸಮ್ಮ, ಕೊನೆಯ ದಿನವೂ ನರ್ಸಮ್ಮ.

ನನ್ನ ಅವ್ವನ ಕೆಲಸಕ್ಕೆ ಇದ್ದದ್ದು ಒಂದೇ ಹೆಸರು. ಅವಳು ಸೂಲಗಿತ್ತಿ. ನಡುವೆ ಸರ್ಕಾರ ಅವಳಿಗೂ ಒಂದು ಹೆಸರು ಕೊಟ್ಟು ಕೆಲವು ವರ್ಷ ನೋಡಿತು, ಆಮೇಲೆ ಅದನ್ನು ವಾಪಸ್ ತೆಗೆದುಕೊಂಡಿತು.

ನಮ್ಮ ಊರು ರಾಮಾಪುರದಿಂದ ಒಳಗೆ, ಕಾಡಂಚಿಗೆ. ಒಂದು ಕಾಲಕ್ಕೆ ಅಲ್ಲಿ ಹುಟ್ಟಿದ ಕೂಸೆಲ್ಲ ಮೊದಲು ಬಿದ್ದದ್ದು ಅವ್ವನ ಕೈಗೆ. ನಮ್ಮದು ಊರಿನ ಕೊನೆಯ ಬೀದಿ. ಉಳಿದ ದಿನಗಳಲ್ಲಿ ದೊಡ್ಡ ಮನೆಗಳ ಜಗುಲಿಗೆ ಅವ್ವ ಕಾಲಿಡುವಂತಿರಲಿಲ್ಲ. ಹೆರಿಗೆ ನೋವು ಶುರುವಾದರೆ ಮಾತ್ರ ಅಡುಗೆಮನೆಯನ್ನೂ ದಾಟಿಸಿ ಒಳಕೋಣೆಗೆ ಕರೆದುಕೊಂಡು ಹೋಗುತ್ತಿದ್ದರು. ಬಾಣಂತಿಗೂ ಕೂಸಿಗೂ ನೀರು ಹಾಕುವ ದಿನಗಳು ಮುಗಿದರೆ ಮತ್ತೆ ಜಗುಲಿಯ ಕೆಳಗೆ. ಅಕ್ಕಿ, ಬೆಲ್ಲ, ಎಲೆ ಅಡಿಕೆ ಇಟ್ಟ ಮೊರವನ್ನು ಕೈಗೆ ಕೊಡದೆ ನೆಲಕ್ಕಿಟ್ಟು ಸರಿಯುತ್ತಿದ್ದರು. ನೋಡಿದ ನನಗೆ ಮೈ ಉರಿಯುತ್ತಿತ್ತು. ಅವ್ವ ನಗುತ್ತಿದ್ದಳು.

"ಅವ್ರೆಲ್ಲಾರ್ನೂ ಮೊದ್ಲು ತೊಳ್ದಿರದು ನಾನೇ ಕಣ್ ಮಗಾ. ಅವ್ರ ಮಡಿ ನಂಗ ಗೊತ್ತಿಲ್ವಾ?"

ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವನನ್ನು ದಾಯಿ ತರಬೇತಿ ಎಂದು ಆಸ್ಪತ್ರೆಗೆ ಕರೆಸಿದರು. ಹೋಗಿ ಬಂದವಳ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಒಳಗೆ ಸೋಪು, ಬ್ಲೇಡು, ದಾರ, ಪ್ಲಾಸ್ಟಿಕ್ ಹಾಳೆ. ಕುಡುಗೋಲು ಬಿಟ್ಟು ಬ್ಲೇಡು ಬಳಸಬೇಕು, ಬ್ಲೇಡನ್ನೂ ದಾರವನ್ನೂ ಕುದಿಯುವ ನೀರಿಗೆ ಹಾಕಬೇಕು ಎಂದು ಅಲ್ಲಿ ಕಲಿತು ಬಂದಳು, ಕಲಿತದ್ದನ್ನು ಒಂದು ದಿನವೂ ತಪ್ಪಿಸಲಿಲ್ಲ. ಬ್ಲೇಡು ಬಂದ ಮೇಲೆ ನಮ್ಮೂರಿನಲ್ಲಿ ಕೂಸುಗಳು ಸೆಟೆದುಕೊಂಡು ಸಾಯುವುದು ನಿಂತಿತು ಎಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ತನಗಿಂತ ಚೆನ್ನಾಗಿ ತಿಳಿದವರು ಹೇಳಿದರೆ ಕೇಳುವ ಗುಣ ಅವಳದ್ದು. ಆ ಗುಣವನ್ನೇ ಮುಂದೆ ನಾನು ಉಪಯೋಗಿಸಿಕೊಂಡೆ.

ಅವಳಿಗೆ ಅಲ್ಲಿ ಯಾರೂ ಹೇಳಿಕೊಡಬೇಕಾಗಿರದ ವಿದ್ಯೆಯೂ ಒಂದಿತ್ತು. ಕೂಸು ಬಿದ್ದ ಮೇಲೆ ತಾಯಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಸುತ್ತಿ ಸುತ್ತಿ ತೀಡುತ್ತಿದ್ದಳು. ಒಮ್ಮೆ ಎದುರು ಮನೆಯ ಹೆರಿಗೆಗೆ ಬಿಸಿನೀರು ಹೊತ್ತು ಹೋಗಿದ್ದ ನನ್ನ ಕೈಯನ್ನು ಎಳೆದು ಆ ಬಾಣಂತಿಯ ಹೊಟ್ಟೆಯ ಮೇಲೆ ಇಟ್ಟಳು. ಮೊದಲು ಮೆತ್ತಗಿತ್ತು. ತೀಡುತ್ತಾ ತೀಡುತ್ತಾ ಒಳಗೆ ತೆಂಗಿನಕಾಯಿಯಷ್ಟು ಗಟ್ಟಿಯಾದದ್ದು ಏನೋ ಅಂಗೈಗೆ ಸಿಕ್ಕಿತು.

"ಗಟ್ಟಿ ಆಯ್ತಲ್ಲ, ಇನ್ನು ಭಯ ಇಲ್ಲ ಬುಡು. ಗಟ್ಟಿ ಆಗಗಂಟ ಕೈ ಎತ್ತಬಾರ್ದು. ಮೆತ್ಗಿದ್ರ ರಕ್ತ ಅಂಗೇ ಓಯ್ತಾ ಇರ್ತದ."

ಆವತ್ತು ಹುಟ್ಟಿದ್ದು ಹೆಣ್ಣು ಕೂಸು. ಈ ಕಥೆ ಅವಳದೇ.

ಎ.ಎನ್.ಎಂ. ತರಬೇತಿಗೆ ನನ್ನನ್ನು ಹಠ ಹಿಡಿದು ಕಳಿಸಿದವಳು ಅವ್ವ. ಅಲ್ಲಿ ಗೊಂಬೆಯ ಹೊಟ್ಟೆ ತೀಡಿ ತೋರಿಸಲು ಹೇಳಿದಾಗ ಇಡೀ ಕ್ಲಾಸಿನಲ್ಲಿ ಸರಿಯಾಗಿ ಮಾಡಿದವಳು ನಾನೊಬ್ಬಳೇ. ಎಲ್ಲಿ ಕಲಿತೆ ಎಂದು ಟೀಚರ್ ಕೇಳಿದರು. ಪುಸ್ತಕದಲ್ಲಿ ಎಂದೆ. ಅವ್ವನ ಹೆಸರು ಹೇಳಲು ನಾಚಿಕೆಯಾಯಿತು. ಈಗ ಆ ನಾಚಿಕೆಯನ್ನು ನೆನೆಸಿಕೊಂಡರೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಯಳಂದೂರು ಕಡೆಯ ಒಂದು ಉಪಕೇಂದ್ರಕ್ಕೆ ನನ್ನನ್ನು ಹಾಕಿದರು. ಮೊದಲ ವರ್ಷಗಳಲ್ಲಿ ಸೈಕಲ್ ತುಳಿದು ಮನೆಮನೆಗೆ ಹೋಗಿ ನಾನೂ ಹೆರಿಗೆ ಮಾಡಿಸುತ್ತಿದ್ದೆ. ಆಮೇಲೆ ಗಾಳಿ ಬದಲಾಯಿತು. ಎಲ್ಲ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎಂದಾಯಿತು. ತಾಯಿ ಕಾರ್ಡ್ ಬಂತು, ಆಶಾ ಕಾರ್ಯಕರ್ತೆಯರು ಬಂದರು, ಫೋನ್ ಮಾಡಿದರೆ ಆಂಬುಲೆನ್ಸ್ ಬರುವ ಕಾಲ ಬಂತು. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಅವ್ವನ ಕೈಯಲ್ಲೂ ಹೋದವರಿದ್ದಾರೆ. ಅಡ್ಡ ತಿರುಗಿದ ಕೂಸಿಗೆ ಅವಳ ಬಳಿ ಮದ್ದಿರಲಿಲ್ಲ, ಅಂಥವರನ್ನು ಆಪರೇಷನ್ ಮಾಡಿ ಉಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ತಕರಾರು ಒಂದೇ. ಹೊಸ ಮನೆ ಕಟ್ಟುವವರೆಗಾದರೂ ಹಳೆಯ ಮನೆಯ ಸೂರು ಕೀಳಬಾರದಿತ್ತು.

ತಿಂಗಳ ಮೀಟಿಂಗಿನಲ್ಲಿ ಪ್ರತಿಯೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ಮನೆ ಹೆರಿಗೆ ಎಷ್ಟು ಎಂದು ಕೇಳುತ್ತಿದ್ದರು. ಸೊನ್ನೆ ಎಂದರೆ ಕೂರಬಹುದು. ಒಂದು ಸಲ ನಾನು ಸೊನ್ನೆ ಎಂದು ಹೇಳಿ ಕೂರುವಷ್ಟರಲ್ಲಿ ಮೇಲಿನವರೊಬ್ಬರು ನಗುತ್ತಾ ಅಂದರು. "ನಿಮ್ಮ ಏರಿಯಾದಲ್ಲಿ ಸೊನ್ನೆ ಸರಿ ಸಿಸ್ಟರ್. ನಿಮ್ಮ ತಾಯಿ ಆ ಕಡೆ ಇನ್ನೂ ಹೆರಿಗೆ ಮಾಡಿಸ್ತಾರಂತಲ್ಲ. ಮನೇನೇ ಸರಿಮಾಡೋಕೆ ಆಗದವರು ಊರಿಗೇನು ಹೇಳ್ತೀರಿ?" ಎಲ್ಲರೂ ನಕ್ಕರು. ನನಗೆ ಕೂತ ಕುರ್ಚಿ ಸಹಿತ ನೆಲದೊಳಗೆ ಇಳಿದರೆ ಸಾಕು ಅನ್ನಿಸಿತು.

ಆ ಭಾನುವಾರ ಬಸ್ಸು ಹತ್ತಿದೆ. ಕೊಳ್ಳೇಗಾಲ, ಹನೂರು, ರಾಮಾಪುರ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವ್ವ ರಾಗಿ ಕೇರುತ್ತಾ ಕೂತಿದ್ದಳು.

"ಇನ್ಮೇಲೆ ಯಾರನ್ನೂ ಮುಟ್ಟಬೇಡ ಅವ್ವ. ನನ್ ಕೆಲ್ಸಕ್ಕೆ ಕುತ್ತು ಬತ್ತದ" ಎಂದೆ.

"ಆಯ್ತು ಬುಡು ಮಗಾ. ಆದ್ರ ಯಾರಾರ ನೋವು ತಡೀನಾರ್ದೆ ಬಂದು ಕರುದ್ರ?"

ಅವಳ ಆ 'ಆದ್ರ' ನನಗೆ ಹೆದರಿಕೆ ಹುಟ್ಟಿಸಿತು. ಅವ್ವ ಬಾಯಲ್ಲಿ ಹೂಂ ಎಂದು ನಾಳೆ ಹೋಗಿಬಿಡುವವಳು. ಅವಳನ್ನು ಕಟ್ಟುವುದು ಹೇಗೆ ಎಂದು ಅವಳ ಮಗಳಾದ ನನಗೆ ಗೊತ್ತಿತ್ತು. ಅವಳ ಬಲಗೈ ಹಿಡಿದು ನನ್ನ ನೆತ್ತಿಯ ಮೇಲೆ ಇಟ್ಟುಕೊಂಡೆ.

"ನನ್ ತಲೆ ಮೇಲೆ ಕೈ ಮಡಗಿ ಆಣೆ ಮಾಡು. ಮಾದಪ್ಪನ ಆಣೆ. ಹೆರೋ ಹೆಂಗಸಿನ ಮೈ ಮುಟ್ಟಲ್ಲ ಅನ್ನು."

ಅವ್ವ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ನಮ್ಮ ಕಡೆ ಮಕ್ಕಳ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಆ ಮಕ್ಕಳು ಉಳಿಯುವುದಿಲ್ಲ ಎನ್ನುತ್ತಾರೆ. ನಾನು ಓದಿದವಳು, ನನಗೆ ಅದು ಬರೀ ಮಾತು, ಕೆಲಸ ಮಾಡಿಸಿಕೊಳ್ಳುವ ಉಪಾಯ. ಅವಳು ಕೊನೆಗೆ ಆಣೆ ಮಾಡಿದಳು. ನಾನು ಮುಂದಿನ ಬಸ್ಸಿಗೆ ನೆಮ್ಮದಿಯಾಗಿ ಹೊರಟುಬಂದೆ.

ಎದುರು ಮನೆಯ ಆ ಹುಡುಗಿ ದೊಡ್ಡವಳಾಗಿ ಮದುವೆಯಾಗಿ ಬಂದದ್ದು ನನ್ನ ಉಪಕೇಂದ್ರದ ಊರಿಗೇ. ದಾರಿಯಲ್ಲಿ ಸಿಕ್ಕರೆ ಅಕ್ಕಾ ಎಂದು ಕೂಗಿಕೊಂಡು ಬರುತ್ತಿದ್ದಳು. ಬಸುರಿಯಾದಾಗ ಅವಳ ತಾಯಿ ಕಾರ್ಡ್ ಬರೆದವಳು ನಾನು, ಇಂಜೆಕ್ಷನ್ ಕೊಟ್ಟವಳು ನಾನು, ಕಬ್ಬಿಣದ ಮಾತ್ರೆ ನುಂಗದೆ ಹಿತ್ತಲಿಗೆ ಎಸೆಯುತ್ತಾಳೆ ಎಂದು ಬೈದವಳೂ ನಾನೇ. ಏಳು ತಿಂಗಳು ತುಂಬಿದ ಮೇಲೆ, ಮೊದಲ ಹೆರಿಗೆಗೆ ಎಲ್ಲರೂ ಹೋಗುವಂತೆ, ಅವಳೂ ತವರಿಗೆ ಹೊರಟಳು. ಹೊರಡುವ ಮುಂಚೆ ಉಪಕೇಂದ್ರಕ್ಕೆ ಬಂದಳು.

"ನಂಗ್ಯಾನ ಭಯ ಇಲ್ಲ ಬುಡಕ್ಕ. ಎದುರ್ಗೇ ನಿಮ್ಮವ್ವ ಅವ್ರಲ್ಲ. ನನ್ ಎತ್ಕಂಡವರೇ ನನ್ ಕೂಸ್ನೂ ಎತ್ಕತಾರ."

"ನಮ್ಮವ್ವ ಈಗ ಯಾರನ್ನೂ ಮುಟ್ಟಲ್ಲ. ಹೊಟ್ಟೆ ಬಿಗಿದ ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಿಸು" ಎಂದು ಗದರಿದೆ. ಅವಳ ಮುಖ ಸಪ್ಪಗಾಯಿತು.

ಅವಳು ಹೋದ ಮೇಲೆ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ತವರಿಗೆ ಹೋಗಿದ್ದಾರೆ' ಎಂದು ಬರೆದೆ. ಆ ಎರಡು ಪದ ಬರೆದರೆ ನಮ್ಮ ಕಡೆಯಿಂದ ಕೆಲಸ ಮುಗಿಯಿತು. ಆ ಕಡೆಯ ಸಿಸ್ಟರಿಗೆ ಒಂದು ಫೋನ್ ಮಾಡಿ, ಇಂಥವಳು ಬರುತ್ತಿದ್ದಾಳೆ, ರಕ್ತ ಕಡಿಮೆ ಇದೆ, ಮುಂಚೆಯೇ ಆಸ್ಪತ್ರೆಗೆ ಸೇರಿಸಿಕೊಳ್ಳಿ ಎಂದು ಹೇಳಬೇಕಿತ್ತು. ಸಂಜೆ ಮಾಡೋಣ ಎಂದುಕೊಂಡೆ. ಸಂಜೆ ಪೋಲಿಯೊ ಲಸಿಕೆಯ ಕೆಲಸ ಬಂತು. ಆಮೇಲೆ ಮರೆತೆ. ನಮ್ಮ ವ್ಯವಸ್ಥೆ ಬಸುರಿಯನ್ನು ಗಂಡನ ಮನೆಯ ವಿಳಾಸದಲ್ಲಿ ಬರೆದುಕೊಳ್ಳುತ್ತದೆ, ನಮ್ಮ ಹೆಣ್ಣುಮಕ್ಕಳು ಹೆರುವುದು ತವರಿನಲ್ಲಿ. ನನ್ನ ಪುಸ್ತಕದಿಂದ ಅವಳು ಹೊರಗೆ ಹೋದಳು, ಇನ್ನೊಬ್ಬರ ಪುಸ್ತಕಕ್ಕೆ ಸೇರಲೇ ಇಲ್ಲ.

ದಿನ ತುಂಬುವ ಮುಂಚೆಯೇ ಅವಳಿಗೆ ನೋವು ಬಂತು. ಹಾಡಹಗಲು. ಆಂಬುಲೆನ್ಸಿಗೆ ಫೋನ್ ಹೋಯಿತು. ಅದು ಬೇರೆ ರೋಗಿಯನ್ನು ಬಿಡಲು ಕೊಳ್ಳೇಗಾಲಕ್ಕೆ ಹೋಗಿತ್ತು, ತಿರುಗಿ ಬರಬೇಕು. ಅಷ್ಟರಲ್ಲಿ ಕೂಸು ತಾನಾಗಿಯೇ ಬಿತ್ತು, ಬೀದಿಗೆಲ್ಲ ಕೇಳುವ ಹಾಗೆ ಅತ್ತಿತು. ಮಾಸುಚೀಲವೂ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ.

ಮುಂದಿನದನ್ನು ನನಗೆ ಹೇಳಿದವಳು ಆ ಹುಡುಗಿಯ ಚಿಕ್ಕಮ್ಮ. ಅವ್ವ ಓಡಿ ಬಂದಿದ್ದಾಳೆ, ಹೊಸ್ತಿಲಲ್ಲೇ ನಿಂತಿದ್ದಾಳೆ. ಬ್ಲೇಡು ಕುದಿಸಿದ್ದು, ದಾರ ಕಟ್ಟಿಸಿದ್ದು, ಕೂಸನ್ನು ಎದೆಗೆ ಕಚ್ಚಿಸಿದ್ದು ಎಲ್ಲ ಬಾಯಿಮಾತಿನಲ್ಲೇ. "ತೀಡು, ಇನ್ನೂ ಅಮುಕಿ ತೀಡು, ಅಲ್ಲಲ್ಲ ಕಣವ್ವಾ, ಕೆಳಿಕ್ಕೆ" ಎಂದು ಕೂಗುತ್ತಿದ್ದಳಂತೆ. ಚಿಕ್ಕಮ್ಮನ ಕೈಗೆ ಆ ಕೆಲಸ ಗೊತ್ತಿಲ್ಲ. ಹುಡುಗಿ ಅವ್ವನ ಕಡೆಗೆ ಕೈ ಚಾಚಿ "ದೊಡ್ಡವ್ವಾ, ನೀ ಬಾ" ಎಂದಳಂತೆ. ಅವ್ವ ಎರಡೂ ಕೈ ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ಅಳುತ್ತಾ ನಿಂತಳಂತೆ. ಆಂಬುಲೆನ್ಸ್ ಬಂತು, ಹನೂರು ದಾಟಿತು. ಆಸ್ಪತ್ರೆ ಮುಟ್ಟುವ ಮುಂಚೆ ಅವಳು ಹೋದಳು. ಕೂಸು ಉಳಿಯಿತು.

ಮಾರನೆಯ ದಿನ ನಾನು ಊರಿಗೆ ಹೋದೆ. ಅವ್ವ ಗೋಡೆ ಒರಗಿ ಕೂತಿದ್ದಳು. ನನಗೆ ದುಃಖಕ್ಕಿಂತ ಮೊದಲು ಸಿಟ್ಟೇ ಬಂತು.

"ಎದುರ್ಗೇ ಇದ್ಯಲ್ಲವ್ವ, ಒಂದು ಗಳಿಗೆ ಕೈ ಹಾಕಬಾರ್ದಿತ್ತಾ?"

ಅವಳು ನನ್ನನ್ನು ದಿಟ್ಟಿಸಿದಳು. "ನಿನ್ ತಲೆ ಮ್ಯಾಲೆ ಕೈ ಮಡಗಿದ್ನಲ್ಲ ಮಗಾ. ಆ ಕೂಸ ಮುಟ್ಟುದ್ರ ನೀ ಓಗ್ಬುಡ್ತಿದ್ದಲ್ಲ. ನಾ ಯಾನ ಮಾಡ್ಲಿ? ಯಾರ್ನ ಉಳಿಸ್ಕಳ್ಲಿ?"

ನಾನು ಬರೀ ಮಾತು ಎಂದುಕೊಂಡಿದ್ದ ಆಣೆಯನ್ನು ಅವಳು ಇಷ್ಟು ವರ್ಷ ನನ್ನ ಪ್ರಾಣ ಎಂದು ಕಾಯುತ್ತಿದ್ದಳು. ಅಂದು ಅವಳ ಮುಂದೆ ಇಬ್ಬರು ಹೆಣ್ಣುಮಕ್ಕಳಿದ್ದರು. ಅವಳು ತನ್ನ ಮಗಳನ್ನು ಆರಿಸಿಕೊಂಡಳು. ನಾನು ಯಳಂದೂರಿನಲ್ಲಿ ಚೆನ್ನಾಗಿಯೇ ಇದ್ದೆ, ಆ ಹೊತ್ತಿಗೆ ಬಹುಶಃ ಊಟ ಮಾಡುತ್ತಿದ್ದೆ.

ತಾಯಿ ಮರಣದ ವಿಚಾರಣೆಗೆ ನನ್ನನ್ನೂ ಕರೆದರು. ಹೆರಿಗೆಯ ವೇಳೆ ಹಾಜರಿದ್ದ ತರಬೇತಿ ಪಡೆದವರು ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಹಾಗೆಯೇ ಬರೆದುಕೊಂಡರು. ತವರಿನ ಕಡೆಗೆ ತಿಳಿಸಿದ್ದಿರಾ ಎಂದು ಕೇಳಿದರು. ಇಲ್ಲ ಎಂದೆ. ನನಗೊಂದು ಮೆಮೊ ಬಂತು. ಆಣೆಯ ಬಗ್ಗೆ ಕೇಳುವ ಕಾಲಂ ಆ ಫಾರಂನಲ್ಲಿ ಇರಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಇಂದು ಮೊದಲ ಸಲ ಬರೆಯುತ್ತಿದ್ದೇನೆ.

ಆಮೇಲೆ ಎಷ್ಟೋ ಸಲ ಅವ್ವನಿಗೆ ಹೇಳಿದೆ, ಆ ಆಣೆ ನಾನು ವಾಪಸ್ ತೆಗೆದುಕೊಂಡಿದ್ದೇನೆ, ಬಿಟ್ಟುಬಿಡು ಎಂದು. "ಈಗ ಬುಟ್ಟು ಯಾರ್ನ ಬದುಕ್ಸಾನ?" ಎಂದು ಕೇಳುತ್ತಿದ್ದಳು. ತಗಡಿನ ಪೆಟ್ಟಿಗೆಯಲ್ಲಿ ಸೂಜಿ ನೂಲು ಹಾಕಿಟ್ಟುಕೊಂಡಳು. ಎದುರು ಮನೆಯ ಕೂಸು ಬಾಗಿಲಿಗೆ ಬಂದರೆ ಕೈಗೆ ಬೆಲ್ಲ ಕೊಟ್ಟು, ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ನಾನು ನಿವೃತ್ತಳಾದ ಮರುವರ್ಷ ಅವ್ವನಿಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು, ಮಾತು ಅರ್ಧಂಬರ್ಧ. ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ಸೇರಿಸಿದ್ದೆ. ಚೆನ್ನಾಗಿ ನೋಡಿಕೊಂಡರು, ದೂರುವಂಥದ್ದು ಏನೂ ಇರಲಿಲ್ಲ. ಅವಳ ವಾರ್ಡಿನ ಗೋಡೆಯಾಚೆ ಹೆರಿಗೆ ಕೋಣೆ. ಒಂದು ಬೆಳಿಗ್ಗೆ ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದಾಗ ಆ ಕಡೆಯಿಂದ ಹೆಂಗಸೊಬ್ಬಳು ಅವ್ವಾ ಎಂದು ಕಿರುಚಿದಳು. ಆಮೇಲೆ ಕೂಸಿನ ಅಳು ಕೇಳಿಸಿತು. ಅವ್ವ ಗಂಜಿಯ ಲೋಟ ತಳ್ಳಿದಳು. ಕಣ್ಣು ಅಗಲ ಮಾಡಿ ನನ್ನನ್ನು ನೋಡಿದಳು. ಬಲಗೈ ಹೊದಿಕೆಯ ಮೇಲೆ ಸುತ್ತತೊಡಗಿತು.

"ಈಗಾರ ಮುಟ್ಲಾ ಮಗಾ?"

ಮಂಚದ ಮೇಲೆ ಅವಳ ಪಕ್ಕ ಮಲಗಿದೆ. ಅವಳ ಕೈಯನ್ನು ತಂದು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡೆ.

"ಮುಟ್ಟವ್ವ. ನಂಗ ಯಾನೂ ಆಗಲ್ಲ. ಮುಟ್ಟು" ಎಂದೆ.

ಅವ್ವ ತೀಡಿದಳು. ಅಷ್ಟು ಬಲ ಆ ಕೈಯಲ್ಲಿ ಇನ್ನೂ ಉಳಿದಿತ್ತು ಎಂದು ನನಗೆ ಗೊತ್ತಿರಲಿಲ್ಲ. ಪಕ್ಕದ ಹಾಸಿಗೆಯವರು ನೋಡುತ್ತಿದ್ದರು, ಡ್ಯೂಟಿ ಸಿಸ್ಟರ್ ಬಾಗಿಲಲ್ಲಿ ನಿಂತಳು, ನಾನು ಮಲಗಿಯೇ ಇದ್ದೆ. ಅಳು ತಡೆಯಲು ಉಸಿರು ಬಿಗಿಹಿಡಿದಿದ್ದೆ, ಅದಕ್ಕೋ ಏನೋ ಹೊಟ್ಟೆ ಕಲ್ಲಿನಂತಾಗಿತ್ತು. ತುಂಬ ಹೊತ್ತಾದ ಮೇಲೆ ಅವಳ ಕೈ ನಿಂತಿತು.

"ಗಟ್ಟಿ ಆಯ್ತು ಬುಡು" ಎಂದಳು ಅವ್ವ. "ಇನ್ನು ಭಯ ಇಲ್ಲ. ಆ ತಾಯ್ನೂ ಮಗೀನೂ ಮನೆಗ ಕರ್ಕಂಡೋಗಿ."